ವ್ಯಾನ್ ಗೋನ ಆಕಾಶ, ಮಾತಿಸನ ಬಸವನಹುಳು: ಮಳೆಗಾಲದ ಚಿತ್ರಪಾಠ

ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ, ನಾಲ್ಕರಿಂದ ಆರು ವರ್ಷದೊಳಗಿನ ಎಂಟು ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ. ಹೆಸರಾಂತ ಕಲಾವಿದನೊಬ್ಬನ ಒಂದೇ ಕೃತಿಯನ್ನು ಹಿಡಿದು ಬಣ್ಣ, ಆಕಾರ, ಎಣಿಕೆ ಕಲಿಸುವುದು ನನ್ನ ಕ್ರಮ. ಕಳೆದ ಮಳೆಗಾಲದಲ್ಲಿ ವ್ಯಾನ್ ಗೋನ ‘ನಕ್ಷತ್ರಗಳ ರಾತ್ರಿ’ ಮತ್ತು ಹೆನ್ರಿ ಮಾತಿಸನ ‘ಬಸವನಹುಳು’ ಎರಡನ್ನೂ ಮಾಡಿಸಿ ನೋಡಿದೆ. ಮೊದಲನೆಯದಕ್ಕೆಂದು ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದ ಪೋಸ್ಟರ್ ಬಣ್ಣದ ಬಾಟಲಿಗಳಲ್ಲಿ ಅರ್ಧಕ್ಕರ್ಧ ಇನ್ನೂ ಕಪಾಟಿನಲ್ಲೇ ಇವೆ ಎಂದರೆ ನನ್ನ ಒಲವು ಎತ್ತ ಎಂಬುದು ತಿಳಿದೀತು.

ವ್ಯಾನ್ ಗೋನ ಚಿತ್ರದ ಬಗ್ಗೆ ನನ್ನ ತಕರಾರಿಲ್ಲ. 1889ರ ಜೂನ್‌ನಲ್ಲಿ, ಫ್ರಾನ್ಸಿನ ಸೇಂಟ್ ರೆಮಿಯ ಚಿಕಿತ್ಸಾಲಯದಲ್ಲಿದ್ದಾಗ ಆತ ಬರೆದ ಆ ಆಕಾಶದ ಸುಳಿಗಳನ್ನು ಮಕ್ಕಳು ಮೊದಲು ಬೆರಳಿನಿಂದ ಗಾಳಿಯಲ್ಲಿ ತಿರುವಿದರು. ತುಂಗಾ ಹೊಳೆಯಲ್ಲಿ ಇಂಥದ್ದನ್ನು ನೋಡಿದ್ದೇನೆಂದು ಒಬ್ಬಳು ಹೇಳಿದಳು.

ತೊಡಕು ಬಂದದ್ದು ಒಣಗಿಸುವಲ್ಲಿ. ಆತನಂತೆ ಬಣ್ಣವನ್ನು ದಪ್ಪವಾಗಿ ಬಳಿಯಲು ಬಿಟ್ಟಿದ್ದೆ. ಒಗೆದ ಬಟ್ಟೆಯೇ ಮೂರು ದಿನಕ್ಕೂ ಒಣಗದ ಆಷಾಢದಲ್ಲಿ ಎಂಟು ಹಾಳೆಗಳನ್ನು ಎಲ್ಲಿ ಹರಡುವುದು? ಬಚ್ಚಲೊಲೆಯ ಮೇಲಿನ ತಂತಿಗೆ ಸಿಕ್ಕಿಸಿದರೆ ಹೊಗೆ ಹಿಡಿದು ಹಳದಿ ಚಂದ್ರ ಕಂದಾದ. ಮರುವಾರ ನಡುನಡುವೆ ಹಳೆಯ ಪತ್ರಿಕೆ ಇಟ್ಟು ಅಟ್ಟದಲ್ಲಿ ಒಂದರ ಮೇಲೊಂದು ಜೋಡಿಸಿದೆ. ಬಿಡಿಸಿ ನೋಡಿದರೆ ಅರ್ಧ ಆಕಾಶ ಪತ್ರಿಕೆಗೆ ಅಂಟಿಕೊಂಡಿತ್ತು. ಉಳಿದರ್ಧದ ಮೇಲೆ ಅಡಿಕೆ ಧಾರಣೆಯ ಪಟ್ಟಿ, ರಾಶಿ, ಬೆಟ್ಟೆ ಎಂಬ ಬಗೆಗಳ ಸಮೇತ, ತಿರುಗುಮುರುಗಾಗಿ ಅಚ್ಚಾಗಿತ್ತು. ಬಣ್ಣಕ್ಕೆ ನೀರು ಬೆರೆಸಿ ತೆಳ್ಳಗೆ ಮಾಡಿಸಿದಾಗ ಸುಳಿಗಳು ಒಂದರೊಳಗೊಂದು ಹರಿದು ಕಲಸಿಹೋದವು, ಹಾಳೆ ಹಪ್ಪಳದಂತೆ ಮುದುರಿತು. ಹೇಗೋ ಉಳಿದ ಎರಡಕ್ಕೆ ಹದಿನೈದು ದಿನದಲ್ಲಿ ಹಿಂಬದಿಯಿಂದ ಬೂಷ್ಟು ಬಂತು.

ಮಾತಿಸನ ದಾರಿಯಲ್ಲಿ ಈ ರಗಳೆಯೇ ಇಲ್ಲ. 1941ರ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚು ಹೊತ್ತು ನಿಲ್ಲಲಾಗದ ಆತ, ಸಹಾಯಕರು ಬಣ್ಣ ಬಳಿದ ಕಾಗದಗಳನ್ನು ಕತ್ತರಿಸಿ ಚಿತ್ರ ಕಟ್ಟತೊಡಗಿದ. ಬಣ್ಣ ಅವನ ಕೈಗೆ ಬರುವ ಮೊದಲೇ ಒಣಗಿರುತ್ತಿತ್ತು. 1953ರ ‘ಬಸವನಹುಳು’ವಿನ ಉದ್ದ, ಅಗಲ ಎರಡೂ ಮೂರು ಮೀಟರಿಗೆ ತುಸು ಕಡಿಮೆ. ಅಷ್ಟು ಜಾಗವನ್ನು ಜಗಲಿಯ ಮೇಲೆ ಹಗ್ಗದಿಂದ ಗುರುತಿಸಿದಾಗ ಎಂಟೂ ಮಕ್ಕಳು ಅದರೊಳಗೆ ಕಾಲು ಚಾಚಿ ಕುಳಿತರು. ಬಣ್ಣದ ತುಂಡುಗಳು ಸುರುಳಿಯಾಗಿ ಕೂತ ಆ ಚಿತ್ರದಲ್ಲಿ ಹುಳು ಎಲ್ಲಿದೆ ಎಂದು ಹುಡುಕುತ್ತಿದ್ದಾಗ ಒಬ್ಬ ಹುಡುಗ ಎದ್ದುಹೋಗಿ, ಮೆಟ್ಟಿಲಿನಿಂದ ನಿಜವಾದದ್ದನ್ನೇ ಎಲೆಯ ಮೇಲೆ ತಂದು ಪಕ್ಕದಲ್ಲಿಟ್ಟ. ಎಷ್ಟು ತುಂಡು, ಯಾವುದರ ಪಕ್ಕ ಯಾವ ಬಣ್ಣ ಎಂಬ ಪಾಠ ಅಲ್ಲಿಂದ ತಾನೇ ಶುರುವಾಯಿತು.

ಮಕ್ಕಳ ಮೊಂಡು ಕತ್ತರಿ ದಪ್ಪ ಕಾಗದಕ್ಕೆ ಸೋಲುತ್ತದೆ. ನಾನು ಕೈಯಲ್ಲಿ ಹರಿಯಲು ಬಿಡುತ್ತೇನೆ. ಮೈದಾ ಅಂಟು ಮಾರನೆಯ ದಿನಕ್ಕೆ ಹುಳಿ ವಾಸನೆ ಬರುವುದರಿಂದ ಅಂದಂದೇ ಕಾಯಿಸಬೇಕು.

ಇನ್ನೊಬ್ಬ ಕಲಾವಿದ ಕ್ಯಾಂಡಿನ್‌ಸ್ಕಿಯ ವೃತ್ತಗಳನ್ನೂ ಆಯಿಲ್ ಪೇಸ್ಟಲ್‌ನಲ್ಲಿ ಒಮ್ಮೆ ಮಾಡಿಸಿದೆ. ಹತ್ತೇ ನಿಮಿಷದಲ್ಲಿ ಮುಗಿಯಿತು.

ಬಿಸಿಲಿರುವ ಊರಿನವರಿಗೆ, ಹಾಳೆ ಹರಡಲು ಅಂಗಳವಿದ್ದವರಿಗೆ ವ್ಯಾನ್ ಗೋ ಒಗ್ಗಬಹುದು. ನನಗಿರುವುದು ವಾರಕ್ಕೆ ಒಂದು ಮಧ್ಯಾಹ್ನ, ತಿಂಗಳಿಗೆ ಮುನ್ನೂರು ರೂಪಾಯಿ. ಬಣ್ಣದ ಕಾಗದದ ಜೊತೆಗೆ ಹಳೆಯ ಲಗ್ನಪತ್ರಿಕೆಗಳೂ ಸೇರಿದರೆ ಅಷ್ಟರಲ್ಲಿ ನಾಲ್ಕು ಪಾಠ ನಡೆಯುತ್ತವೆ, ಸಂಜೆ ಮಕ್ಕಳು ತಮ್ಮ ಚಿತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮನೆಗೆ ಹೋಗುತ್ತಾರೆ. ಕಪಾಟಿನ ಬಾಟಲಿಗಳನ್ನು ಫೆಬ್ರವರಿಯಲ್ಲಿ ತೆರೆದು ನೋಡಿದೆ. ಕಾಗದದ ಮೇಲೆ ಒಣಗಲೊಲ್ಲದ ನೀಲಿ, ಸಡಿಲ ಮುಚ್ಚಳದ ಬಾಟಲಿಯೊಳಗೆ ಕಲ್ಲಾಗಿತ್ತು.