ಓದಿದ್ದು, ಕೇಳಿದ್ದು, ಕಂಡದ್ದು: ಬೆಳಗಾವಿಯ ಒಂದು ಮಕ್ಕಳ ಇತಿಹಾಸ ಶಿಬಿರ

ಬೆಳಗಾವಿಯಲ್ಲಿ ಆರನೆಯಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗಾಗಿ ಆರು ಭಾನುವಾರಗಳ ಇತಿಹಾಸ ಶಿಬಿರವೊಂದು ನಡೆಯುತ್ತದೆ. ಪ್ರತಿ ಮಗುವೂ ಒಬ್ಬ ಐತಿಹಾಸಿಕ ವ್ಯಕ್ತಿಯನ್ನು ಆರಿಸಿಕೊಂಡು, ಅವರ ಬಗ್ಗೆ ತಾನೇ ಮಾಹಿತಿ ಹುಡುಕಿ, ಕೊನೆಯ ವಾರ ಪಾಲಕರ ಎದುರು ಮಂಡಿಸಬೇಕು. ಏಳನೆಯ ತರಗತಿಯ ನನ್ನ ಮಗಳನ್ನು ಈ ವರ್ಷ ಸೇರಿಸಿದ್ದೆ. ಶುಲ್ಕ 1,800 ರೂಪಾಯಿ. ಕಿತ್ತೂರು ಪ್ರವಾಸಕ್ಕೆ ಬೇರೆಯಾಗಿ 350. ಇಂಥ ಶಿಬಿರವೆಂದರೆ ಕೈಯಲ್ಲಿ ರಟ್ಟಿನ ಖಡ್ಗ, ಬಾಯಿಪಾಠ ಮಾಡಿದ ಹತ್ತು ಸಾಲು, ಕೊನೆಗೊಂದು ಜೈಕಾರ ಎಂದು ಲೆಕ್ಕ ಹಾಕಿಕೊಂಡೇ ಹೋದವನು ನಾನು. ಮೊದಲ ನಾಲ್ಕು ವಾರ ಆ ಲೆಕ್ಕ ತಪ್ಪಿತು. ಕೊನೆಯ ಎರಡು ವಾರ ಅದು ಸರಿಯಾಯಿತು.

ಈ ಊರಿನಲ್ಲಿ ನಿರೀಕ್ಷಿಸಬಹುದಾದಂತೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕಿತ್ತೂರು ಚೆನ್ನಮ್ಮನನ್ನು ಆರಿಸಿಕೊಂಡರು, ಉಳಿದವರಲ್ಲಿ ಹೆಚ್ಚಿನವರು ಸಂಗೊಳ್ಳಿ ರಾಯಣ್ಣನನ್ನು. ಮೊದಲ ದಿನ ಮಕ್ಕಳೆಲ್ಲ ಮೊಬೈಲಿನಿಂದ ಬರೆದುಕೊಂಡು ಬಂದ ಮಾಹಿತಿಯನ್ನು ಶಿಕ್ಷಕರು ತಿದ್ದಲಿಲ್ಲ. ಒಬ್ಬೊಬ್ಬರ ಹಾಳೆಯಿಂದ ಚೆನ್ನಮ್ಮನ ಜನ್ಮದಿನವನ್ನಷ್ಟೇ ಓದಿಸಿ ಹಲಗೆಯ ಮೇಲೆ ಬರೆಯುತ್ತ ಹೋದರು. ವರ್ಷ ಎಲ್ಲರದೂ 1778. ದಿನ ಮಾತ್ರ ಕೆಲವರಲ್ಲಿ ಅಕ್ಟೋಬರ್ 23, ಕೆಲವರಲ್ಲಿ ನವೆಂಬರ್ 14. ಮರಣದ ದಿನ ಕೇಳಿದಾಗಲೂ ಹಾಗೆಯೇ ಆಯಿತು: 1829ರ ಫೆಬ್ರವರಿ 2 ಮತ್ತು ಫೆಬ್ರವರಿ 21. ಎರಡರ ಪಕ್ಕದ ಒಂದು ಯಾರ ಕೈಯಿಂದ ಬಿದ್ದುಹೋಯಿತೋ, ಯಾರ ಕೈಯಿಂದ ಸೇರಿತೋ ಎಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾವು ಪಾಲಕರೂ ತಲೆ ಕೆರೆದುಕೊಂಡೆವು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು, "ಸರ್, ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ಕ್ಕ. ಹುಟ್ಟಿದ್ದೂ ಅದ ದಿನ, ಗೆದ್ದದ್ದೂ ಅದ ದಿನ, ಹೆಂಗ?" ಎಂದಳು. ಥ್ಯಾಕರೆ ಎಂದರೆ ಕಿತ್ತೂರಿನ ಮೇಲೆ ಪಡೆ ತಂದು, ಚೆನ್ನಮ್ಮ ಗೆದ್ದ ಆ ಕಾಳಗದಲ್ಲಿ ಸತ್ತ ಬ್ರಿಟಿಷ್ ಅಧಿಕಾರಿ. ಶಿಕ್ಷಕರು ಉತ್ತರ ಕೊಡಲಿಲ್ಲ. ಎರಡೂ ದಿನಾಂಕಗಳನ್ನು ಬರೆದಿಟ್ಟು, ಪ್ರತಿಯೊಂದರ ಮುಂದೆ ಅದು ಎಲ್ಲಿ ಸಿಕ್ಕಿತೆಂದು ಗುರುತಿಸಲು ಹೇಳಿದರು. ಇಷ್ಟಕ್ಕೇ ನಾನು ಕಟ್ಟಿದ ಶುಲ್ಕದಲ್ಲಿ ಅರ್ಧ ವಸೂಲಾಯಿತು.

ಎರಡನೆಯ ವಾರ ಒಬ್ಬ ಹುಡುಗನ ಹಾಳೆಯಲ್ಲಿ "ಡಾಲ್‌ಹೌಸಿ ದತ್ತುಮಕ್ಕಳಿಗೆ ಹಕ್ಕಿಲ್ಲವೆಂಬ ಕಾಯ್ದೆ ತಂದು ಕಿತ್ತೂರನ್ನು ಕಸಿದನು" ಎಂಬ ವಾಕ್ಯವಿತ್ತು. ನಾವೆಲ್ಲ ಶಾಲೆಯಲ್ಲಿ ಹೀಗೆಯೇ ಓದಿ ಅಂಕ ಪಡೆದವರು. ಶಿಕ್ಷಕರು ಗೋಡೆಗೆ ಹಗ್ಗ ಕಟ್ಟಿಸಿ, ಅದರ ಮೇಲೆ ವರ್ಷಗಳ ಚೀಟಿಗಳನ್ನು ಆ ಹುಡುಗನಿಂದಲೇ ತೂಗುಹಾಕಿಸಿದರು. ಡಾಲ್‌ಹೌಸಿ ಹುಟ್ಟಿದ್ದು 1812, ಗವರ್ನರ್ ಜನರಲ್ ಆಗಿ ಬಂದದ್ದು 1848, ಕಿತ್ತೂರಿನ ಯುದ್ಧ 1824. ಆ ಯುದ್ಧದ ಹೊತ್ತಿಗೆ ಡಾಲ್‌ಹೌಸಿಗೆ ತನ್ನಷ್ಟೇ ವಯಸ್ಸು, ಹನ್ನೆರಡು ವರ್ಷ ಎಂದು ಕಂಡಾಗ ಹುಡುಗನೇ ನಕ್ಕುಬಿಟ್ಟ. ಹಾಗಾದರೆ ನಡೆದದ್ದೇನು ಎಂಬ ಪ್ರಶ್ನೆ ಆಗ ತಾನಾಗಿಯೇ ಎದ್ದಿತು. ಚೆನ್ನಮ್ಮನ ಪತಿ ಮಲ್ಲಸರ್ಜನ ಮಗ, ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡದ್ದು, ದತ್ತುಪುತ್ರನ ಹಕ್ಕನ್ನು ಒಪ್ಪದ ಧಾರವಾಡದ ಕಲೆಕ್ಟರ್ ಥ್ಯಾಕರೆ ಪಡೆಯೊಂದಿಗೆ ಬಂದು ಕಿತ್ತೂರಿನಲ್ಲೇ ಪ್ರಾಣ ಬಿಟ್ಟದ್ದು, ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಕೈಬಿಟ್ಟದ್ದು, ಇವೆಲ್ಲ ಒಂದೊಂದಾಗಿ ಹಗ್ಗಕ್ಕೆ ಏರಿದವು. ಮುಂದೆ ಡಾಲ್‌ಹೌಸಿಯ ಹೆಸರಿಗೆ ಅಂಟಿಕೊಂಡ ನೀತಿಯನ್ನು ಕಂಪನಿ ಅದಕ್ಕಿಂತ ಎಷ್ಟೋ ಮೊದಲೇ ರೂಢಿಯಲ್ಲಿ ಇಟ್ಟುಕೊಂಡಿತ್ತು ಎಂಬುದು ಮಕ್ಕಳಿಗೆ ಯಾರ ಭಾಷಣವೂ ಇಲ್ಲದೆ ಹೊಳೆಯಿತು.

ಮೂರನೆಯ ವಾರ 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತ್ಯದ ಬೆಳಗಾವಿ ಗೆಜೆಟಿಯರಿನ ಒಂದು ತುಣುಕನ್ನು ಸುಲಭ ಕನ್ನಡಕ್ಕೆ ಇಳಿಸಿ ಕೊಟ್ಟರು. ಅದರ ಜೊತೆಗೆ ಒಂದು ಲಾವಣಿಯನ್ನು ಕೇಳಿಸಿದರು. ಒಂದು ಸರ್ಕಾರದ ಕಣ್ಣಿನಲ್ಲಿ ಕಂಡ ದಂಗೆ, ಇನ್ನೊಂದು ಊರಿನವರ ಬಾಯಲ್ಲಿ ಉಳಿದ ಶೌರ್ಯ. ಗೆಜೆಟಿಯರು ಅಚ್ಚಾದದ್ದೂ ಘಟನೆಯ 60 ವರ್ಷಗಳ ನಂತರವೇ ಆದ್ದರಿಂದ ಅಚ್ಚಿನಲ್ಲಿದೆ ಎಂಬ ಕಾರಣಕ್ಕೆ ಅದನ್ನು ಕಣ್ಣು ಮುಚ್ಚಿ ನಂಬಬೇಕಿಲ್ಲ ಎಂದು ಶಿಕ್ಷಕರು ಹೇಳಿದ್ದು ನನಗೆ ಮೆಚ್ಚುಗೆಯಾಯಿತು.

ಶಿಬಿರದ ನಿಜವಾದ ಬಂಡವಾಳವೆಂದರೆ ಅವರು ಕೊಡುವ ನೋಟುಬುಕ್ಕು. ಪ್ರತಿ ಪುಟದಲ್ಲಿ ಮೂರು ಅಂಕಣ: ಓದಿದ್ದು, ಕೇಳಿದ್ದು, ಕಂಡದ್ದು. ನಾಲ್ಕನೆಯ ವಾರ ಕಿತ್ತೂರಿನ ಕೋಟೆಯಲ್ಲಿ ಇದರ ಬೆಲೆ ತಿಳಿಯಿತು. ಹಾಳುಬಿದ್ದ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡಲೆಂದು ಮಾಡಿದ್ದೆಂದು ಹೇಳುವ ರಂಧ್ರವೊಂದನ್ನು ತೋರಿಸುತ್ತಾರೆ. ಮಕ್ಕಳು ಅದನ್ನು "ಕೇಳಿದ್ದು" ಅಂಕಣದಲ್ಲಿ ಬರೆದುಕೊಂಡು, ಮೊಬೈಲಿನ ದಿಕ್ಸೂಚಿ ಹಿಡಿದು ದಿಕ್ಕು ನೋಡಿದ ಮೇಲೆಯೇ "ಕಂಡದ್ದು" ಅಂಕಣವನ್ನು ತುಂಬಿದರು. ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟ ಮುಕ್ಕಾಲು ಗಂಟೆ ಸಾಲಲಿಲ್ಲ. ಹಿಂತಿರುಗುವಾಗ ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಯನ್ನೂ ತೋರಿಸಿದರು. ಊಟ ಸಾಧಾರಣ.

ಐದನೆಯ ವಾರ ಮಂಡನೆಯ ತರಬೇತಿಗೆಂದು ಬೇರೊಬ್ಬರು ಬಂದರು, ಅಲ್ಲಿಂದ ಶಿಬಿರ ದಾರಿ ತಪ್ಪಿತು. ಪ್ರತಿ ಮಗುವಿಗೂ ಮೂರು ನಿಮಿಷ. ಮಾತು ಅವರೇ ಬರೆದು ಕೊಟ್ಟದ್ದು. ಹಿಂದೆ ಥರ್ಮಾಕೋಲಿನ ಕೋಟೆ. ನನ್ನ ಮಗಳು ಎರಡು ಮರಣದಿನಗಳ ಸಂಗತಿಯನ್ನು ಹೇಳಬೇಕೆಂದಿದ್ದಳು. ಸಭಿಕರಿಗೆ ಗೊಂದಲವಾಗುತ್ತದೆ ಎಂದು ಆ ಭಾಗವನ್ನು ಕತ್ತರಿಸಿ ಒಂದೇ ದಿನಾಂಕವನ್ನು ಉಳಿಸಿದರು. ಅದನ್ನೇ ಏಕೆ ಉಳಿಸಿದರೆಂದು ಅವಳು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ನಾಲ್ಕು ವಾರ ಅನುಮಾನಿಸುವುದನ್ನು ಕಲಿಸಿ, ವೇದಿಕೆ ಹತ್ತುವ ಹೊತ್ತಿಗೆ ಆ ಅನುಮಾನವನ್ನೇ ಕಿತ್ತುಕೊಂಡಂತಾಯಿತು.

ವಿಜಯಪುರದ ಅಜ್ಜನ ಮನೆಯಿಂದ ಬಂದಿದ್ದ ಒಬ್ಬ ಹುಡುಗ ಫ.ಗು. ಹಳಕಟ್ಟಿಯವರನ್ನು ಆರಿಸಿಕೊಂಡಿದ್ದ. ವಚನಗಳ ಓಲೆಗರಿಗಳನ್ನು ಹುಡುಕುತ್ತ ಅಲೆದ ವಕೀಲರು, ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದವರು, ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭಿಸಿದವರು. ಸಂಶೋಧನೆ ಎಂದರೇನೆಂದು ಮಕ್ಕಳಿಗೆ ತೋರಿಸಲು ಇವರಿಗಿಂತ ತಕ್ಕ ವ್ಯಕ್ತಿ ನಮ್ಮ ಸೀಮೆಯಲ್ಲಿ ನನಗಂತೂ ಕಾಣುವುದಿಲ್ಲ. ಆದರೆ ವೇದಿಕೆಯ ಮೇಲೆ ತೋರಿಸಲು ಇವರಲ್ಲಿ ಏನೂ ಇಲ್ಲವೆಂದು ಆ ತರಬೇತುದಾರರು ಹುಡುಗನ ಕೈಗೆ ರಾಯಣ್ಣನ ಖಡ್ಗ ಕೊಟ್ಟರು. ನಂದಗಡದ ಗಲ್ಲಿನ ಬಗ್ಗೆ ಅವನು ಗಟ್ಟಿಯಾಗಿಯೇ ಹೇಳಿದ, ಚಪ್ಪಾಳೆಯೂ ಬಿತ್ತು. ಅವನ ನೋಟುಬುಕ್ಕಿನಲ್ಲಿದ್ದುದು ಮಾತ್ರ ಹಳಕಟ್ಟಿಯವರೇ.

ಮೊದಲ ನಾಲ್ಕು ವಾರಗಳಿಗಷ್ಟೇ ಸೇರಿಸಿಕೊಳ್ಳುತ್ತೀರಾ ಎಂದು ವ್ಯವಸ್ಥಾಪಕರನ್ನು ಕೇಳಿದೆ. ಸೇರಿಸಿಕೊಳ್ಳಬಹುದು, ಆದರೆ ಶುಲ್ಕ ಪೂರ್ತಿ ಕಟ್ಟಬೇಕು ಎಂದರು. ಬರುವ ವರ್ಷ ಮಗ ಆರನೆಯ ತರಗತಿಗೆ ಬರುತ್ತಾನೆ. ಪೂರ್ತಿ ಶುಲ್ಕ ಕಟ್ಟಿಯೇ ಅವನನ್ನು ಕಳುಹಿಸಿ, ಐದನೆಯ ಭಾನುವಾರದಿಂದ ಮನೆಯಲ್ಲಿಯೇ ಉಳಿಸಿಕೊಂಡು ಅವನ ನೋಟುಬುಕ್ಕನ್ನು ಅವನ ಅಜ್ಜಿಯ ಎದುರು ಓದಿಸುತ್ತೇನೆ.