ರಾತ್ರಿಯ ಅನ್ನ: ಹಾಟ್‌ಬಾಕ್ಸೋ, ಫ್ರಿಜ್ಜೋ, ಅತ್ತೆಯ ಮಡಕೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ರಿಜ್ಜಿನಲ್ಲಿಡುವ 240 ರೂಪಾಯಿಯ ಅಗಲ ಸ್ಟೀಲ್ ಡಬ್ಬಕ್ಕೆ. ಸೋತಿದ್ದು 1,850 ರೂಪಾಯಿ ಕೊಟ್ಟು ದೀಪಾವಳಿ ಆಫರ್‌ನಲ್ಲಿ ತಂದ ಹಾಟ್‌ಬಾಕ್ಸ್. ಹೊಟ್ಟೆಯುರಿಯಿಂದ ಬರೆಯುತ್ತಿದ್ದೇನೆ ಅಂದುಕೊಂಡರೆ ತಪ್ಪೇನಿಲ್ಲ.

ನಡೆದದ್ದು ಇಷ್ಟು. ರಾತ್ರಿ ಒಂಬತ್ತಕ್ಕೆ ಉಳಿದ ಅನ್ನವನ್ನು ಹಾಟ್‌ಬಾಕ್ಸಿಗೆ ಹಾಕಿ ಮುಚ್ಚಿಟ್ಟೆ. ಬೆಳಿಗ್ಗೆ ಏಳೂವರೆಗೆ ತೆಗೆದರೆ ಅನ್ನ ಇನ್ನೂ ಬೆಚ್ಚಗೆ, ಮೃದುವಾಗಿ, ಒಂದು ಚೂರೂ ವಾಸನೆಯಿಲ್ಲ. ಕೊಟ್ಟ ದುಡ್ಡು ಸಾರ್ಥಕವಾಯಿತು ಅಂತ ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿದೆ. ಹತ್ತೂವರೆಗೆ ನಮ್ಮನೆಯವರು ಆಫೀಸಿನಿಂದ ಫೋನ್ ಮಾಡಿದರು: ವಾಂತಿ. ಹನ್ನೊಂದಕ್ಕೆ ನನ್ನ ಸರದಿ. ದೋಸೆ ತಿಂದಿದ್ದ ಅತ್ತೆ ಗಟ್ಟಿಮುಟ್ಟಾಗಿದ್ದರು. ಜ್ವರ ಇರಲಿಲ್ಲ, ಸಂಜೆಗೆ ಇಬ್ಬರೂ ಸುಧಾರಿಸಿಕೊಂಡೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ರಾತ್ರಿಯ ಅನ್ನ ತಿಂದಿರಾ?"

ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಇದು. ನಮ್ಮ ಅನ್ನವನ್ನು ಯಾರೂ ಲ್ಯಾಬಿನಲ್ಲಿ ಪರೀಕ್ಷೆ ಮಾಡಲಿಲ್ಲ, ಆದರೆ ಗಡಿಯಾರ ಹೊಂದುತ್ತದೆ. ಇದರ ವಾಂತಿ ಬರಿಸುವ ವಿಷ, ಸೆರೆಯುಲೈಡ್, ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಕೆಲಸ ತೋರಿಸುತ್ತದೆ. ಈ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೊಡೆಯುವ ಅದರ ರೂಪಗಳು, ಮಣ್ಣಿನಲ್ಲೇ ಇರುತ್ತವೆ, ಅಕ್ಕಿಯ ಜೊತೆ ಮನೆಗೆ ಬರುತ್ತವೆ. ಅನ್ನ ಕುದಿಸಿದರೆ ಉಳಿದ ಬ್ಯಾಕ್ಟೀರಿಯಾ ಸಾಯುತ್ತವೆ, ಬೀಜಕಗಳು ಬದುಕುತ್ತವೆ. ಆ ಬಿಸಿಯೇ ಅವನ್ನು ನಿದ್ದೆಯಿಂದ ಎಬ್ಬಿಸುವುದೂ ಉಂಟು. ಎದ್ದು ನೋಡಿದರೆ ಪೈಪೋಟಿಗೆ ಯಾರೂ ಇಲ್ಲ, ಸುತ್ತ ಬೆಂದ ಪಿಷ್ಟ, ಬೇಕಾದಷ್ಟು ನೀರು, ಹುಳಿ ಇಲ್ಲ. ಇನ್ನು ಬೇಕಾಗಿರುವುದು ಹದವಾದ ಶಾಖ ಮಾತ್ರ. ಅದನ್ನು ಕೊಟ್ಟವಳು ನಾನು, 1,850 ರೂಪಾಯಿ ಖರ್ಚು ಮಾಡಿ.

ಆಮೇಲೆ 400 ರೂಪಾಯಿಗೆ ಚುಚ್ಚಿ ನೋಡುವ ಥರ್ಮಾಮೀಟರ್ ತರಿಸಿದೆ. ಅದೇ ಹಾಟ್‌ಬಾಕ್ಸ್, ಅರ್ಧ ತುಂಬಿದ ಅನ್ನ. ಒಂಬತ್ತಕ್ಕೆ 78 ಡಿಗ್ರಿ, ಹನ್ನೊಂದಕ್ಕೆ 54, ರಾತ್ರಿ ಒಂದಕ್ಕೆ ಎದ್ದು ನೋಡಿದರೆ 44, ಐದಕ್ಕೆ 34, ಏಳೂವರೆಗೆ 31. ಬಿಸಿ ಊಟವನ್ನು 60 ಡಿಗ್ರಿಗಿಂತ ಮೇಲಿಡಬೇಕು. ಈ ಡಬ್ಬ ಎರಡು ಗಂಟೆಯೂ ಹಾಗೆ ಹಿಡಿದಿಡಲಿಲ್ಲ. ವಿಷ ತಯಾರಾಗುವುದು ಹೆಚ್ಚುಕಡಿಮೆ 12ರಿಂದ 37 ಡಿಗ್ರಿಯ ನಡುವೆ, ಅದೂ ಬ್ಯಾಕ್ಟೀರಿಯಾ ಚೆನ್ನಾಗಿ ಸಂಖ್ಯೆ ಬೆಳೆಸಿಕೊಂಡ ಮೇಲೆ. ಮೂವತ್ತರ ಆಸುಪಾಸಿನಲ್ಲಿ ಅದು ಅರ್ಧ ಗಂಟೆಯೊಳಗೆ ಇಮ್ಮಡಿಯಾಗುತ್ತದೆ. ಡಬ್ಬ ತುಂಬಿದ್ದರೆ ಇನ್ನಷ್ಟು ಹೊತ್ತು ಬಿಸಿ ನಿಲ್ಲುತ್ತಿತ್ತೇನೋ. ಆದರೆ ಡಬ್ಬ ತುಂಬ ಉಳಿಯುವಷ್ಟು ಅನ್ನ ಮಾಡುವುದು ಮದುವೆ ಮನೆಯಲ್ಲಿ.

ಬಿಸಿ ಒಗ್ಗರಣೆಯಾಗಲಿ ನಿಂಬೆರಸವಾಗಲಿ ಯಾಕೆ ಕಾಯಲಿಲ್ಲ ಅಂತ ಅತ್ತೆ ಕೇಳಿದರು. ನನಗೂ ಅದೇ ಅನುಮಾನವಿತ್ತು. ಸೆರೆಯುಲೈಡ್ ಅನ್ನುವುದು ಆಟೋಕ್ಲೇವಿನ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರದ, 121 ಡಿಗ್ರಿಯಲ್ಲೂ ಉಳಿಯುವ ವಿಷ, ನನ್ನ ಬಾಣಲೆ ಯಾವ ಲೆಕ್ಕ! ಇನ್ನು ಹುಳಿ. ಹುಳಿ ಇದ್ದರೆ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ ಅನ್ನುವುದು ನಿಜ, ಆದರೆ ನಾನು ಹಿಂಡಿದ್ದು ಬೆಳಿಗ್ಗೆ, ಕಳ್ಳ ಹೋದ ಮೇಲೆ. ಅದೇ ಅನ್ನಕ್ಕೆ ರಾತ್ರಿಯೇ ಹುಳಿಯಾದ ಪುಳಿಯೋಗರೆ ಗೊಜ್ಜು ಕಲಸಿದ್ದರೆ ಕಥೆ ಬೇರೆ ಆಗಬಹುದಿತ್ತು.

ಎಲೆಕ್ಟ್ರಿಕ್ ಕುಕ್ಕರಿನ 'ವಾರ್ಮ್' ಬಟನ್: 68 ಡಿಗ್ರಿ ಬಿಡದೆ ಹಿಡಿಯಿತು. ಅಡಿಯ ಅನ್ನ ಹಳದಿ ಹಪ್ಪಳವಾಯಿತು, ಕರೆಂಟು ಹೋದರೆ ಅದೂ ಹಾಟ್‌ಬಾಕ್ಸೇ. ಬೇಡ.

ಅತ್ತೆಯ ತಂಗಳನ್ನದ ಮಡಕೆಗೆ ಮರ್ಯಾದೆ ಕೊಡಲೇಬೇಕು. ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ, ಹಸಿಮೆಣಸಿನಕಾಯಿ. ಇಲ್ಲಿ ಹುಳಿಗೂ ವಿಷಕ್ಕೂ ಓಟದ ಪಂದ್ಯ. ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಮೊದಲು ಗುರಿ ಮುಟ್ಟಬೇಕು. ಹುಳಿ ಅಳೆಯುವ ಪಿಎಚ್ ಪಟ್ಟಿ ಅದ್ದಿ ನೋಡಿದೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬರೀ ನೀರು ಹಾಕಿದ್ದಕ್ಕೆ ಬೆಳಿಗ್ಗೆ ಸುಮಾರು 5.5, ರಾತ್ರಿಯೇ ಒಂದು ಸೌಟು ಹುಳಿಮಜ್ಜಿಗೆ ಬೆರೆಸಿದ್ದಕ್ಕೆ 4.3. ಪಿಎಚ್ 4.5ಕ್ಕಿಂತ ಇಳಿದರೆ ಬ್ಯಾಸಿಲಸ್ ಸೀರಿಯಸ್ ಬಹುಮಟ್ಟಿಗೆ ಕೈಚೆಲ್ಲುತ್ತದೆ. "ನಮ್ಮಮ್ಮ ಮಜ್ಜಿಗೆ ಬಿಡದೆ ಮುಚ್ಚುತ್ತಲೇ ಇರಲಿಲ್ಲ ಕಣಮ್ಮ, ನೀವೇ ಮರೆತಿರೋದು" ಅಂದರು ಅತ್ತೆ. ಭಾನುವಾರಕ್ಕೆ ಸರಿ. ಆದರೆ ಒಂಬತ್ತೂವರೆಯ ಮೀಟಿಂಗಿಗೆ ತಂಗಳನ್ನ ಉಂಡು ಹೋದರೆ ನಮ್ಮನೆಯವರು ಅಲ್ಲೇ ಗೊರಕೆ ಹೊಡೆಯುತ್ತಾರೆ.

ಫ್ರಿಜ್ಜಿನಲ್ಲೂ ಎರಡು ಬಗೆ. ಪಾತ್ರೆ ಸಮೇತ ತಳ್ಳಿಬಿಟ್ಟರೆ ಮೂರು ಗಂಟೆಯಾದರೂ ನಡುವಿನ ಅನ್ನ 27 ಡಿಗ್ರಿ. ಫ್ರಿಜ್ಜಿನೊಳಗೇ ಒಂದು ಪುಟ್ಟ ಹಾಟ್‌ಬಾಕ್ಸ್! ಅಗಲ ಡಬ್ಬದಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಫ್ಯಾನಿನ ಕೆಳಗೆ ಇಪ್ಪತ್ತು ನಿಮಿಷ ಆರಿಸಿ, ಮುಚ್ಚಿ ಒಳಗಿಟ್ಟರೆ ಹನ್ನೊಂದಕ್ಕೆ 9 ಡಿಗ್ರಿ. ಅಮೆರಿಕದ ಆಹಾರ ಸಂಹಿತೆ ಹೋಟೆಲುಗಳಿಗೆ ಹೇಳುವುದು 57ರಿಂದ 21ಕ್ಕೆ ಎರಡು ಗಂಟೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆ ಅಂತ. ನಮ್ಮ ಡಬ್ಬ ಅದನ್ನು ಆರಾಮವಾಗಿ ದಾಟಿತು. ಹರಡಿ ಫ್ಯಾನಿನ ಕೆಳಗೇ ಮರೆತುಬಿಟ್ಟರೆ ಮಾತ್ರ ಕೆಟ್ಟಿತು: ಸೆರೆಯುಲೈಡ್ ತಯಾರಾಗಲು ಗಾಳಿಯೂ ಬೇಕು, ಗಾಳಿ ತೆಗೆದು ಸಾರಜನಕ ತುಂಬಿಟ್ಟ ಅನ್ನದಲ್ಲಿ ಅದು ಹುಟ್ಟದಿದ್ದದ್ದನ್ನು ಫಿನ್‌ಲೆಂಡಿನವರು ನೋಡಿದ್ದಾರೆ. ಹರಡಿದ ಅನ್ನಕ್ಕೆ ಗಾಳಿಗೇನು ಬರ.

ಈ ಡಬ್ಬದ ಮೇಲೆ ಅತ್ತೆಯ ದೂರು ಒಂದೇ. ಫ್ರಿಜ್ಜಿನ ಅನ್ನ ಗಂಟುಗಟ್ಟುತ್ತದೆ, ಚಿತ್ರಾನ್ನ ಉದುರುದುರಾಗುವುದಿಲ್ಲ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಚೀನೀ ಹೋಟೆಲುಗಳ ಫ್ರೈಡ್ ರೈಸಿನಿಂದ ವಾಂತಿ ಶುರುವಾಗಿ ಈ ರೋಗ ಬೆಳಕಿಗೆ ಬಂದಾಗ ಅಲ್ಲಿನ ಅಡುಗೆಯವರು ಕೊಟ್ಟ ಕಾರಣವೂ ಇದೇ: ತಣ್ಣಗಾದ ಅನ್ನ ಅಂಟಿಕೊಳ್ಳುತ್ತದೆ, ಅದಕ್ಕೇ ಹೊರಗಿಟ್ಟೆವು. ನಾನು ಹರಡುವಾಗಲೇ ಅರ್ಧ ಚಮಚ ಎಣ್ಣೆ ಸವರುತ್ತೇನೆ. ಪೂರ್ತಿ ಉದುರಾಗುವುದಿಲ್ಲ, ಮುಕ್ಕಾಲು ಪಾಲು ಆಗುತ್ತದೆ.

ಹಾಟ್‌ಬಾಕ್ಸಿನಲ್ಲಿ ಈಗ ಮಧ್ಯಾಹ್ನದ ಚಪಾತಿ, ಒಂದು ಗಂಟೆಯ ಮಟ್ಟಿಗೆ. ಅದರ ಡಬ್ಬದ ಮೇಲೆ 'ಗಂಟೆಗಟ್ಟಲೆ ಬಿಸಿ' ಅಂತ ಅಚ್ಚಾಗಿತ್ತು, ಎಷ್ಟು ಡಿಗ್ರಿ ಅಂತ ಇರಲಿಲ್ಲ.