"ಮಿನಿ ಆಮೆ" ಅಂತ ಮಾರುವವರನ್ನು ನಂಬಬೇಡಿ

ಮನೆಯಲ್ಲಿ ಪುಟ್ಟ ಆಮೆ ಸಾಕಬೇಕು ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯುವಾಗಲೂ ಮೈ ಉರಿಯುತ್ತಿದೆ.

ನಮಗೆ ಮಾರಿದ್ದು ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ, ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಹಸಿರು ಆಮೆ. ರೆಡ್ ಇಯರ್ಡ್ ಸ್ಲೈಡರ್. "ಇದು ಮಿನಿ ಜಾತಿ ಮೇಡಂ, ಇಷ್ಟೇ ಇರುತ್ತೆ, ಜಾಸ್ತಿ ಬೆಳೆಯಲ್ಲ" ಅಂದ ಮಾರಿದವನು. ಜೊತೆಗೆ ಪ್ಲಾಸ್ಟಿಕ್ ಮರ ಅಂಟಿಸಿದ ಒಂದು ಬೋಗುಣಿ, ಒಂದು ಡಬ್ಬಿ ಒಣ ಸಿಗಡಿ. ಫುಲ್ ಸೆಟ್ ಅಂತೆ. ಬಲ್ಬು ಏನಾದರೂ ಬೇಕಾ ಅಂತ ನಾನು ಬಾಯಿಬಿಟ್ಟು ಕೇಳಿದ್ದೆ. ಕೇಳಿದ್ದೆ! "ಅದೆಲ್ಲ ಸುಮ್ನೆ ಖರ್ಚು, ಕಿಟಕಿ ಪಕ್ಕ ಇಡಿ, ಬಿಸಿಲು ಬೀಳುತ್ತಲ್ಲ" ಅಂದ.

ಸ್ವಲ್ಪ ದಿನಕ್ಕೆ ಕಣ್ಣು ಊದಿಕೊಂಡು ಮುಚ್ಚಿಹೋಯಿತು. ತಿನ್ನುವುದು ನಿಲ್ಲಿಸಿತು. ಮಾರಿದವನಿಗೆ ಫೋಟೋ ಕಳಿಸಿದೆ. "ನಿದ್ದೆ ಮಾಡ್ತಿದೆ ಮೇಡಂ, ನೀರು ಬದಲಾಯಿಸಿ." ಮತ್ತೆ ಕಳಿಸಿದೆ. "ಎಷ್ಟೋ ಜನಕ್ಕೆ ಕೊಟ್ಟಿದ್ದೀನಿ, ಯಾರೂ ಹೀಗೆ ಕಂಪ್ಲೇಂಟ್ ಮಾಡಿಲ್ಲ." ತಪ್ಪೆಲ್ಲ ನನ್ನದೇ ಅನ್ನುವ ಹಾಗೆ!

ಕೊನೆಗೆ ಪ್ರಾಣಿ ವೈದ್ಯರ ಹತ್ತಿರ ಓಡಿದೆವು. ಅವರು ಮಾತೇ ಆಡದೆ ಚಿಪ್ಪಿನ ಅಂಚನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರು. ಒಳಗೆ ಬಾಗಿತು. ಗಟ್ಟಿಯಾಗಿರಬೇಕಾದ ಚಿಪ್ಪು ನೆನೆದ ರಟ್ಟಿನ ಹಾಗೆ ಬಾಗಿತು. "ಯುವಿಬಿ ಬಲ್ಬು ಹಾಕಿದ್ದೀರಾ?" ಅಂತ ಕೇಳಿದರು. ಕಿಟಕಿ ಬಿಸಿಲು ಅಂದೆ. ಯುವಿಬಿ ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ, ಗಾಜು ಅದನ್ನು ತಡೆದುಬಿಡುತ್ತದೆ, ಅದಿಲ್ಲದೆ ಆಮೆಯ ಮೈಯಲ್ಲಿ ವಿಟಮಿನ್ ಡಿ ಆಗುವುದಿಲ್ಲ, ಕ್ಯಾಲ್ಸಿಯಂ ಹಿಡಿಯುವುದಿಲ್ಲ ಅಂದರು. ಬರೀ ಒಣ ಸಿಗಡಿ ಹಾಕಿದರೆ ವಿಟಮಿನ್ ಎ ಕಡಿಮೆಯಾಗಿ ಕಣ್ಣು ಹೀಗೆ ಊದುತ್ತದಂತೆ. ಅಲ್ಲೇ, ಆ ಮೇಜಿನ ಮುಂದೆ, ನಾಚಿಕೆಯಿಂದ ತಲೆ ಎತ್ತಲು ಆಗಲಿಲ್ಲ. ಅವನು ಹೇಳಿದ ಒಂದೊಂದು ಮಾತೂ ಸುಳ್ಳು, ಒಂದೊಂದೂ!

ಮಿನಿ ಅನ್ನುವುದೂ ಸುಳ್ಳೇ. ಸ್ಲೈಡರ್‌ನಲ್ಲಿ ಅಂಥ ಜಾತಿಯೇ ಇಲ್ಲ, ಅದು ಮರಿ ಅಷ್ಟೆ. ಹೆಣ್ಣಾದರೆ ಚಿಪ್ಪೇ 25ರಿಂದ 30 ಸೆಂ.ಮೀ. ಆಗುತ್ತದೆ, ಚೆನ್ನಾಗಿ ನೋಡಿಕೊಂಡರೆ 30 ವರ್ಷವೂ ಬದುಕುತ್ತದೆ. ಮಕ್ಕಳು ಕೈಯಲ್ಲಿ ಹಿಡಿದು ಆಡಬಹುದು ಅಂತಲೂ ಹೇಳಿದ್ದ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ, ಮನುಷ್ಯರಿಗೆ ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು, ಆಮೆ ಆರೋಗ್ಯವಾಗಿ ಕಂಡರೂ. ಇದೇ ಕಾರಣಕ್ಕೆ ಅಮೆರಿಕದಲ್ಲಿ ಸುಮಾರು 10 ಸೆಂ.ಮೀ.ಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು 1975ರಲ್ಲೇ ನಿಷೇಧಿಸಿದ್ದಾರೆ. ನಮಗೆ ಕೈ ತೊಳೆಯಿರಿ ಅಂತಲೂ ಯಾರೂ ಹೇಳಲಿಲ್ಲ.

ಇದನ್ನೆಲ್ಲ ಬರೆದು ಕಳಿಸಿದಾಗ ಅವನು ಕೊಟ್ಟ ಉತ್ತರ ನೋಡಿ: "ಕಷ್ಟ ಆದ್ರೆ ಕೆರೆಗೆ ಬಿಟ್ಬಿಡಿ ಮೇಡಂ, ಬದುಕ್ಕೊಳುತ್ತೆ." ಹೀಗೆ ಹೇಳಲು ಬಾಯಾದರೂ ಹೇಗೆ ಬರುತ್ತದೋ! ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ, ಅಂದರೆ ಹೊರಗಿನಿಂದ ಬಂದು ಹರಡಿ ಅಲ್ಲಿನ ಜೀವಿಗಳಿಗೆ ಕುತ್ತಾಗುವವುಗಳ, ಪಟ್ಟಿಯಲ್ಲಿ ಇರುವ ಆಮೆ ಇದು. ಕೆರೆಗೆ ಬಿಟ್ಟರೆ ಅಲ್ಲಿನ ಆಮೆಗಳ ಆಹಾರ, ಬಿಸಿಲು ಕಾಯಿಸುವ ಜಾಗ ಎಲ್ಲ ಕಿತ್ತುಕೊಳ್ಳುತ್ತದೆ. ದಯವಿಟ್ಟು ಯಾರೂ ಬಿಡಬೇಡಿ. ಅದು ಬೇಡ, ದುಡ್ಡು ವಾಪಸ್ ಕೊಡು ಅಂದಿದ್ದಕ್ಕೆ ನಂಬರ್ ಬ್ಲಾಕ್ ಮಾಡಿದ.

ಈಗ ದೊಡ್ಡ ತೊಟ್ಟಿ, ಫಿಲ್ಟರ್, ಯುವಿಬಿ ಬಲ್ಬು, ಮೈ ಒಣಗಿಸಿಕೊಳ್ಳಲು ಬೆಚ್ಚಗಿನ ಒಣ ಕಟ್ಟೆ ಎಲ್ಲ ಮಾಡಿದ್ದೇವೆ. ಒಂದು ಕಣ್ಣು ತೆರೆದಿದೆ. ಸೊಟ್ಟಗಾದ ಚಿಪ್ಪು ಇನ್ನು ನೆಟ್ಟಗಾಗುವುದಿಲ್ಲ ಅಂದಿದ್ದಾರೆ ವೈದ್ಯರು.

ಬೋಗುಣಿ ಜೊತೆ ಆಮೆ ಮಾರುವವರ ಹತ್ತಿರ ತಗೊಳ್ಳಲೇಬೇಡಿ. ಜಾತಿಯ ಹೆಸರು ಕೇಳಿ, ಬೆಳೆದ ಆಮೆ ತೋರಿಸಿ ಅನ್ನಿ. ಮಾತು ಮರೆಸಿದರೆ ಎದ್ದು ಬನ್ನಿ. ಬಲ್ಬು ಉರಿಯುತ್ತಿದ್ದರೂ ಯುವಿಬಿ ಕಾಲಕ್ರಮೇಣ ಕಡಿಮೆಯಾಗುತ್ತದೆ, 6ರಿಂದ 12 ತಿಂಗಳಿಗೊಮ್ಮೆ ಬದಲಾಯಿಸಬೇಕು. ಇದನ್ನೂ ಮಾರುವವರು ಹೇಳುವುದಿಲ್ಲ.